ಔಷಧಿ ಸಾಲದೆ ಉಳಿದ ಸಾಲು

ನಾನು ಗಿಡಗಳಿಗೆ ಔಷಧಿ ಹೊಡೆಯುವ ಹಿತ್ತಾಳೆಯ ಕೈಪಂಪು. ಹುಬ್ಬಳ್ಳಿಯ ಓಣಿಯೊಂದರಲ್ಲಿ ಮೈಬೂಬಸಾಬ ಎಂಬ ಕುಶಲಕರ್ಮಿ ನನ್ನನ್ನು ಮಾಡಿದ. ತಗಡು ಸುತ್ತಿ, ಬೆಸುಗೆ ಹಾಕಿ, ಎಣ್ಣೆಯಲ್ಲಿ ನೆನೆಸಿದ ಚರ್ಮದ ವಾಷರ್ ಒಳಗೆ ಕೂರಿಸಿದ. ನೀರು ತುಂಬಿ ಹಿಡಿ ಒತ್ತಿದಾಗ ನನ್ನ ಮೂತಿಯಿಂದ ಮಂಜಿನಂಥ ತುಂತುರು ಹೊರಟಿತು. "ಇದು ಎಂದೂ ಸೋರಂಗಿಲ್ಲ," ಎಂದ. ಸೋರಿಲ್ಲ. ಈ ಮಾತನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ.

ನನ್ನನ್ನು ಮೊದಲು ಕೊಂಡವನು ಧಾರವಾಡದಲ್ಲಿ ಗುಲಾಬಿ ನರ್ಸರಿ ಇಟ್ಟಿದ್ದ ದೇವೇಂದ್ರಸಾ. ಹುಳ ಇರಲಿ ಬಿಡಲಿ, ವಾರಕ್ಕೊಮ್ಮೆ ಅವನು ಔಷಧಿ ಹೊಡೆಯುವವನೇ. ಅಲ್ಲಿ ಒಂದೆಲೆಗೂ ತೂತಿರಲಿಲ್ಲ. ಒಂದು ಗುಂಯ್‌ಗುಡುವ ಸದ್ದೂ ಇರಲಿಲ್ಲ. ತೋಟವೆಂದರೆ ಹೀಗೆ ಗಪ್ಪನೆ ಇರಬೇಕು ಎಂದೇ ನಾನು ತಿಳಿದಿದ್ದೆ.

ವಯಸ್ಸಾಗಿ ನರ್ಸರಿ ಮುಚ್ಚಿದಾಗ ದೇವೇಂದ್ರಸಾ ನನ್ನನ್ನು ಇಂದುಮತಿ ಅಕ್ಕಾರಿಗೆ ಕೊಟ್ಟ. ಅವರು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾದವರು, ಊರಿಗೆಲ್ಲ ಅಕ್ಕಾರು. ಅವರ ಅಂಗಳದಲ್ಲಿ ನಾಲ್ಕು ಸಾಲು ಗುಲಾಬಿ. ಫಲಪುಷ್ಪ ಪ್ರದರ್ಶನದಲ್ಲಿ ಐದು ವರ್ಷದಿಂದ ಮೊದಲ ಬಹುಮಾನ ಅವರದೇ.

ಆ ವರ್ಷ ಪ್ರದರ್ಶನಕ್ಕೆ ಎರಡು ವಾರ ಇರುವಾಗ ಮೊಗ್ಗುಗಳಿಗೆ ಹಸಿರು ಹೇನು ಮುತ್ತಿತು. ತೋಟದ ಕೆಲಸಕ್ಕೆ ಬರುವ ಫಕ್ಕೀರಪ್ಪ ಅಂಗಡಿಯಿಂದ ಬಾಟಲಿ ತಂದ. ಅಕ್ಕಾರು ತಾವೇ ಹಿಡಿ ಒತ್ತಿ ಮೂರು ಸಾಲು ಹೊಡೆದರು. ನಾಲ್ಕನೆಯದಕ್ಕೆ ಔಷಧಿ ಸಾಲಲಿಲ್ಲ.

"ಮತ್ತ ಕಲಸ್ಲೇನ್ರಿ?"

"ಕೈ ನೋವತಾವು. ನಾಳೆ ನೋಡೋಣ."

ಮರುದಿನ ಬೆಳಿಗ್ಗೆ ಮೊದಲ ಮೂರು ಸಾಲಿನ ಅರಳಿದ ಹೂಗಳ ಕೆಳಗೆ ಜೇನುಹುಳಗಳು ಬಿದ್ದಿದ್ದವು. ಕೆಲವು ಬೆನ್ನ ಮೇಲೆ ಮಲಗಿ ಕಾಲು ಆಡಿಸುತ್ತಿದ್ದವು. ಪಕ್ಕದ ನಿಂಬೆಗಿಡದಲ್ಲಿ ಸಿಂಪಿಗ ಹಕ್ಕಿಯೊಂದು ಎಲೆ ಹೊಲಿದು ಗೂಡು ಕಟ್ಟಿತ್ತು. ಒಳಗೆ ಮೂರು ಮರಿ. ತಾಯಿ ಗುಲಾಬಿಯಿಂದಲೇ ಹುಳ ಹೆಕ್ಕಿ ಉಣಿಸುತ್ತಿತ್ತು. ಮೂರನೆಯ ದಿನ ಎರಡು ಮರಿ ಸತ್ತಿದ್ದವು. ತಾಯಿ ಮಾತ್ರ ಹುಳ ತರುವುದನ್ನು ಬಿಟ್ಟಿರಲಿಲ್ಲ.

ಅಕ್ಕಾರು ಸತ್ತ ಮರಿಯೊಂದನ್ನು ಗೂಡಿನಿಂದ ತೆಗೆದು ಅಂಗೈ ಮೇಲಿಟ್ಟುಕೊಂಡರು.

"ಔಷಧಿಯಿಂದನ ಸತ್ತಾವಂತ ಹೆಂಗ ಹೇಳೂದ್ರಿ?" ಎಂದ ಫಕ್ಕೀರಪ್ಪ. "ಥಂಡಿನೂ ಇತ್ತಲ್ರಿ."

"ಖಾತ್ರಿ ಹೇಳಾಕ ಬರಂಗಿಲ್ಲ. ಆದ್ರ ಅಲ್ಲ ಅನ್ನಾಕೂ ಬರಂಗಿಲ್ಲ."

ಒಳಗೆ ಹೋಗಿ ಭೂತಗನ್ನಡಿ ತಂದು ಬಾಟಲಿಯ ಚೀಟಿ ಓದಿದರು. ಹೂ ಬಿಟ್ಟ ಗಿಡಕ್ಕೆ ಹೊಡೆಯಬಾರದು, ಜೇನಿಗೆ ವಿಷ ಎಂದು ಸಣ್ಣ ಅಕ್ಷರದಲ್ಲಿ ಇತ್ತು. "ಮೂವತ್ತು ವರ್ಷ ಹುಡುಗರಿಗೆ ಪ್ರಶ್ನೆ ಪೂರ್ತಿ ಓದ್ರಿ ಅಂತ ಬೈದಾಕಿ ನಾನು," ಎಂದು ತಮ್ಮನ್ನೇ ಬೈದುಕೊಂಡರು.

ನಾನು ಮೊಳೆಗೆ ತೂಗುತ್ತಿದ್ದೆ. ತುಂಬಿದ್ದನ್ನು ಉಗುಳುವುದಷ್ಟೇ ಪಂಪಿನ ಕೆಲಸ ಎಂದು ಅಲ್ಲಿಯವರೆಗೆ ನೆಮ್ಮದಿಯಿಂದಿದ್ದವನು ನಾನು. ಹೇನಿಗೆ ಗುರಿಯಿಟ್ಟ ಹನಿ ಹೇನಿನ ಹತ್ತಿರವೇ ನಿಲ್ಲುವುದಿಲ್ಲ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕಿತ್ತು?

ಅಕ್ಕಾರು ಅಳುತ್ತ ಕೂರಲಿಲ್ಲ. ದಿನಾ ಬೆಳಿಗ್ಗೆ ಭೂತಗನ್ನಡಿ ಹಿಡಿದು ನಾಲ್ಕೂ ಸಾಲಿನ ಚಿಗುರು ತಿರುವಿ ನೋಡತೊಡಗಿದರು. ಎಂಟನೆಯ ದಿನ ಫಕ್ಕೀರಪ್ಪನನ್ನು ಕೂಗಿ ಕರೆದರು. ಔಷಧಿ ಬಿದ್ದ ಸಾಲುಗಳಲ್ಲಿ ಹೇನು ಮತ್ತೆ ಹತ್ತಿತ್ತು. ಔಷಧಿ ಸಾಲದೆ ಉಳಿದ ಸಾಲಿನಲ್ಲಿ ಚುಕ್ಕೆಚುಕ್ಕೆಯ ಗುಲಗಂಜಿ ಹುಳಗಳೂ ಅವುಗಳ ಮರಿಗಳೂ ಹೇನನ್ನು ಮುಕ್ಕುತ್ತಿದ್ದವು. ಅಲ್ಲಿನ ಮೊಗ್ಗುಗಳು ಆಗಲೇ ಅರ್ಧ ಹಸನಾಗಿದ್ದವು.

"ಕಳ್ಳನ್ನೂ ಪೊಲೀಸನ್ನೂ ಕೂಡೇ ಹೊಡದ್ವಿ, ಫಕ್ಕೀರಪ್ಪ. ಕಳ್ಳ ಲಗೂನ ವಾಪಸ್ ಬಂದ. ಪೊಲೀಸ ಇನ್ನೂ ಬಂದಿಲ್ಲ."

"ಇನ್ನೊಂದ್ಸಲ ಹೊಡದ್ರ ಪ್ರದರ್ಶನದ ತನಕ ಹೂ ತಡೀತಾವ್ರಿ, ಅಕ್ಕಾರ. ನಿಮ್ಮ ದೊಡ್ಡ ಹೂವೆಲ್ಲ ಈ ಮೂರು ಸಾಲಿನಾಗ ಅದಾವು. ಐದು ವರ್ಷದ ಮರ್ಯಾದಿ!"

ಅಕ್ಕಾರು ನಿಂಬೆಗಿಡದ ಕಡೆ ನೋಡಿದರು. ಉಳಿದೊಂದು ಮರಿ ಕೊಕ್ಕು ತೆರೆದು ಚೀರುತ್ತಿತ್ತು.

"ನನ್ನ ಮರ್ಯಾದಿಗಂತ ಆ ಕೂಸಿನ ಬಾಯಾಗ ವಿಷ ಹಾಕಾಕಾಗಂಗಿಲ್ಲ," ಎಂದರು.

ಆವತ್ತೇ ಬಾವಿಯಿಂದ ದೂರದ ಬರಡು ಮೂಲೆಯಲ್ಲಿ ನನ್ನನ್ನು ಸೋಪುನೀರಿನಿಂದ ಮೂರು ಸಲ ತೊಳೆದು ಬರೀ ನೀರು ತುಂಬಿದರು. ಎಲೆಯ ಅಡಿಗೆ ಮೂತಿ ಹಿಡಿದು ಜೋರಾಗಿ ಒತ್ತಿದರೆ ಹೇನು ಉದುರುತ್ತಿತ್ತು. ಉಳಿದದ್ದನ್ನು ಫಕ್ಕೀರಪ್ಪ ಗೊಣಗುತ್ತ ಬೆರಳಿನಿಂದ ಹೊಸಕಿದ. ಪೂರ್ತಿ ಹೋಗಲಿಲ್ಲ, ನಿಜ. ಪ್ರದರ್ಶನದ ಹಿಂದಿನ ದಿನ ಸಿಂಪಿಗ ಹಕ್ಕಿಯ ಮರಿ ಗೂಡಿನಿಂದ ಹಾರಿ ಕಾಂಪೌಂಡಿನ ಮೇಲೆ ತಡವರಿಸುತ್ತ ಕೂತಿತು.

ಹೂಗಳಿಗೆ ನೀರು ಚಿಮುಕಿಸಲು ನನ್ನನ್ನೂ ಪ್ರದರ್ಶನಕ್ಕೆ ಒಯ್ದರು. ಅಕ್ಕಾರು ಇಟ್ಟದ್ದು ನಾಲ್ಕನೆಯ ಸಾಲಿನ ಒಂದು ಕೆಂಪು ಹೂವು. ಅದರ ಎಲೆಯ ಅಂಚಿನಲ್ಲಿ ಬಿಲ್ಲೆಯಷ್ಟು ಗುಂಡನೆಯ ಕಚ್ಚು. ತೀರ್ಪುಗಾರರು ಬಗ್ಗಿ ನೋಡಿದರು.

"ಹುಳ ತಿಂದೈತಲ್ರಿ, ಅಕ್ಕಾರ. ಎಲಿ ಚಿವುಟಿ ಒಗೀಬೇಕಿತ್ತು."

"ತಿಂದಿಲ್ರಿ. ಎಲಿ ಕತ್ತರಿಸೋ ಜೇನು ಒಯ್ದೈತಿ, ಮರಿಗೆ ಹಾಸಿಗಿ ಮಾಡಾಕ. ಅದೂ ನಮ್ಮ ತೋಟದ್ದ. ಯಾಕ ಮುಚ್ಚಿಡಬೇಕು?"

ಎರಡನೆಯ ಬಹುಮಾನ ಬಂತು. ಫಕ್ಕೀರಪ್ಪ ಮುಖ ಸಣ್ಣ ಮಾಡಿಕೊಂಡ. ಅಕ್ಕಾರು ಮಾತ್ರ, ಹೂ ನೋಡಲು ಬಂದವರಿಗೆಲ್ಲ ಆ ಕಚ್ಚನ್ನೇ ತೋರಿಸುತ್ತ ಸಂಜೆಯವರೆಗೂ ನಿಂತಿದ್ದರು.

ಮುಂದೆಂದೂ ಅವರು ಔಷಧಿ ಮುಟ್ಟಲೇ ಇಲ್ಲ ಎಂದು ಹೇಳಿದರೆ ಸುಳ್ಳಾದೀತು. ಒಂದು ಹಳೆಯ ಗಿಡದ ಕಾಂಡಕ್ಕೆ ಬಿಳಿ ತಿಗಣೆ ಹತ್ತಿ ಬೇರೆ ಯಾವುದಕ್ಕೂ ಬಗ್ಗದಿದ್ದಾಗ, ಚೀಟಿ ಪೂರ್ತಿ ಓದಿ, ಹೂ ಮೊಗ್ಗು ಎಲ್ಲ ಕಿತ್ತು, ಕುಂಚದಲ್ಲಿ ಆ ಕಾಂಡಕ್ಕಷ್ಟೇ ಹಚ್ಚಿದರು. ನನ್ನನ್ನು ಕರೆಯಲಿಲ್ಲ. ಅದು ಸರಿಯೇ.

ಈಗ ನನಗೂ ಅಕ್ಕಾರಿಗೂ ವಯಸ್ಸಾಗಿದೆ. ಪಡಸಾಲೆಯ ಗೋಡೆಗೆ ನಾನು ತೂಗುತ್ತೇನೆ, ಕೆಳಗೆ ಕುರ್ಚಿಯಲ್ಲಿ ಅವರು ಕೂರುತ್ತಾರೆ. ಹೋದ ವಾರ ಹಿಂದಿನ ಓಣಿಯ ಮನೆಯೊಂದರ ಸೊಸೆ ಶಾಂಭವಿ ಬಂದಳು.

"ಅಕ್ಕಾರ, ಗುಲಾಬಿಗೆ ಹುಳ ಬಿದ್ದಾವು. ಪಂಪ್ ಕೊಡ್ತೀರೇನ್ರಿ?"

"ಒಯ್ಯವಾ. ಹುಳ ಯಾವುವು? ಅವನ್ನ ತಿನ್ನಾವು ಏನರ ಕಂಡಾವೇನು? ಹೂ ಅರಳ್ಯಾವೇನು? ಹತ್ತಿರ ಗೂಡು ಐತೇನು?"

ಶಾಂಭವಿ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡಳು. "ನೋಡೇ ಇಲ್ರಿ. ಮೊದ್ಲ ನೋಡಿ ಬರ್ತೀನ್ರಿ," ಎಂದು ಹೊರಟುಹೋದಳು.

ಇನ್ನೂ ಬಂದಿಲ್ಲ. ಮೈಯೆಲ್ಲ ಖಾಲಿ ಇಟ್ಟುಕೊಂಡು, ಗೋಡೆಗೆ ತೂಗುತ್ತಲೇ ನಾನು ಮಾಡಿದ ಅತ್ಯಂತ ಒಳ್ಳೆಯ ಕೆಲಸ ಇದೇ ಇರಬೇಕು.