ಕಾಶ್ಯಪ ಗೋತ್ರ

"ಆಲ್ಬಮ್ ಹಾಳಾಗೋಗ್ಲಿ ಬುಡಿ. ನಮ್ಮವ್ವ ಮಗೂಗೆ ಅಕ್ಸತೆ ಹಾಕಿದ್ಲಲ್ಲ, ಅದೊಂದು ಫೋಟೋ ಕೊಡಿ ಸಾಕು," ಎಂದರು ಗೆಂಡೆಹಳ್ಳಿಯ ಗಂಗಾಧರಪ್ಪ. ಮಗಳ ಮದುವೆಯಾಗಿ ತಿಂಗಳು ತುಂಬುವ ಮೊದಲೇ ಅವರ ತಾಯಿ ಮುದ್ದಮ್ಮ ತೀರಿಕೊಂಡಿದ್ದರು. ಮದುವೆಯ ಫೋಟೋಗಳೆಲ್ಲ ಬೇಲೂರಿನ ಈ ಸ್ಟುಡಿಯೋದಲ್ಲಿದ್ದವು. ಈಗ ಒಂದೂ ಇಲ್ಲ. ಕ್ಯಾಮೆರಾದ ಕಾರ್ಡಿನಲ್ಲಿ ಆಗಲೇ ಬೇರೆಯವರ ಮದುವೆ ತುಂಬಿತ್ತು. ಅಳಿಸಿದ್ದನ್ನು ಮರಳಿ ತೆಗೆಯಲಾಗದೆಂದು ಅರಸೀಕೆರೆಯ ಕಂಪ್ಯೂಟರ್ ರಿಪೇರಿಯವನೂ ಕೈಚೆಲ್ಲಿದ್ದ.

ಮಾಲೀಕ ಯೋಗನರಸಿಂಹ ತಮ್ಮ ಕಂಪ್ಯೂಟರನ್ನು ಅವರ ಕಡೆ ತಿರುಗಿಸಿದರು. "ಸುಳ್ಳು ಹೇಳೋದಿಲ್ಲ ಗಂಗಾಧರಪ್ಪನೋರೇ. ಡಿಲೀಟ್ ಮಾಡಿದೋರ ಹೆಸರು ಇಲ್ಲೇ ಬಂದಿದೆ, ನೋಡಿ. ನಮ್ಮಲ್ಲಿ ಕೆಲಸ ಮಾಡೋ ಮೇಧಿನಿ."

ಪಕ್ಕದ ಮೇಜಿನಲ್ಲಿದ್ದ ಇನ್ನೊಬ್ಬ ಕೆಲಸಗಾರ ನಂದಕಿಶೋರ್ ತಲೆ ಎತ್ತಲಿಲ್ಲ. ಅಳಿಸಿದ್ದು ಅವನು. ಜಾಗ ಸಾಲದೆಂದು ಹಳೆಯದನ್ನೆಲ್ಲ ತೆಗೆಯುವಾಗ ಕೈತಪ್ಪಿ ಈ ಮದುವೆಯದೂ ಹೋಗಿತ್ತು. ನಿನ್ನೆ ಹುಡುಕಾಟ ಶುರುವಾದಾಗಲೇ ಅವನಿಗೆ ಅದು ಗೊತ್ತಾಗಿತ್ತು. ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಯಂತ್ರವೇ ಒಂದು ಹೆಸರು ಹೇಳಿತು. ತೆರೆದ ಬಾಯಿ ಮುಚ್ಚಿಕೊಂಡಿತು.

ಫೋಟೋ ತುಂಬಿಡುವ ಪೆಟ್ಟಿಗೆ ಒಂದೇ, ಅದನ್ನು ಹಂಚಿಕೊಂಡು ಕೆಲಸ ಮಾಡುವ ಕಂಪ್ಯೂಟರುಗಳು ಎರಡು; ಯಾರು ಏನು ಮಾಡಿದರೆಂಬ ಪಟ್ಟಿ ಮಾತ್ರ ಮಾಲೀಕರ ಕಂಪ್ಯೂಟರಿನಲ್ಲಿ ಕಾಣುತ್ತಿತ್ತು. ಮೇಧಿನಿಯದು ವಿಂಡೋಸ್, ಇವನದು ಲಿನಕ್ಸ್; ಒಂದರ ರೀತಿ ಇನ್ನೊಂದಕ್ಕೆ ಹೊಂದದು. ಜೋಡಿಸಿದವನೂ ಇವನೇ. ಇವನ ಕಡೆಯಿಂದ ಬಂದವರು ಯಾರೆಂದು ಪೆಟ್ಟಿಗೆಗೆ ಗುರುತು ಹತ್ತದೆ ಬಾಗಿಲಲ್ಲೇ ತಡೆಯುತ್ತಿತ್ತು. ಮದುವೆಯ ಸೀಸನ್ನು, ಪುರುಸೊತ್ತೆಲ್ಲಿ? ಈ ಕಂಪ್ಯೂಟರಿನಿಂದ ಯಾರು ಬಂದರೂ ಮೇಧಿನಿ ಅಂದುಕೋ ಎಂದು ಅದಕ್ಕೆ ಹೇಳಿಕೊಟ್ಟು ಕೆಲಸ ಸಾಗಿಸಿದ. ಗೋತ್ರ ಗೊತ್ತಿಲ್ಲ ಎಂದವರಿಗೆಲ್ಲ ಅವನ ಅಪ್ಪ ದೇವಸ್ಥಾನದಲ್ಲಿ ಕಾಶ್ಯಪ ಗೋತ್ರ ಹೇಳಿ ಅರ್ಚನೆ ಮುಗಿಸುತ್ತಾರಲ್ಲ, ಹಾಗೆ. ಅಪ್ಪನ ಅರ್ಚನೆಯಿಂದ ಮಾತ್ರ ಇವತ್ತಿನವರೆಗೆ ಯಾರ ಕೆಲಸವೂ ಹೋಗಿರಲಿಲ್ಲ.

ಮೇಧಿನಿ ಗೋಡೆಗೊರಗಿ ನಿಂತಿದ್ದಳು. ನಿನ್ನೆಯೆಲ್ಲ ನಾನಲ್ಲ, ನಾನಲ್ಲ ಎಂದು ಅತ್ತಿದ್ದಳು. ಇವತ್ತು ಹಗರೆಯಿಂದ ಬಸ್ಸಿನಲ್ಲಿ ಬರುವಾಗ ಏನು ಯೋಚಿಸಿದಳೋ.

"ನಾನೇ ಮಾಡಿರ್ಬೇಕು ಸಾರ್. ನೆನಪಾಗ್ತಾ ಇಲ್ಲ ಅಷ್ಟೇ. ಇಲ್ದಿದ್ರೆ ನನ್ನ ಹೆಸರು ಯಾಕೆ ಬರುತ್ತೆ?" ಎಂದಳು. ಆಮೇಲೆ ಗಂಗಾಧರಪ್ಪನವರ ಕಡೆ ತಿರುಗಿ, "ತಪ್ಪಾಯ್ತು," ಎಂದು ಕೈಮುಗಿದಳು.

"ಅಳಬ್ಯಾಡ ಸುಮ್ಕಿರವ್ವಾ. ಬೇಕೂಂತ ಮಾಡ್ದಾ ನೀನು?"

ಕಳ್ಳನ ಮನಸ್ಸು ಹುಳ್ಳುಳ್ಳಗೆ. ಗಂಗಾಧರಪ್ಪ ಬೈದಿದ್ದರೆ ನಂದಕಿಶೋರ್ ತಡೆದುಕೊಳ್ಳುತ್ತಿದ್ದನೇನೋ. ಆ ಸಮಾಧಾನದ ಮಾತನ್ನು ಅವನಿಗೆ ತಡೆದುಕೊಳ್ಳಲಾಗಲಿಲ್ಲ. ತನ್ನ ತಪ್ಪಿಗೆ ಈ ಹುಡುಗಿ ಕೈಮುಗಿಯುತ್ತಿದ್ದಾಳೆ, ತನಗೆ ಸೇರಬೇಕಾದ ಕ್ಷಮೆಯೂ ಅವಳಿಗೇ ಸಿಗುತ್ತಿದೆ.

"ನಾಳೆಯಿಂದ ಬರ್ಬೇಡಮ್ಮ," ಎಂದರು ಯೋಗನರಸಿಂಹ, ಅವಳ ಮುಖ ನೋಡದೆ.

ಮೇಧಿನಿ ಊಟದ ಬ್ಯಾಗನ್ನು ಎರಡೂ ಕೈಯಲ್ಲಿ ಅವಚಿಕೊಂಡು ಬಾಗಿಲಿಗೆ ಹೋದಳು.

"ಮೇಧಿನಿ, ಅಲ್ಲೇ ನಿಂತ್ಕೋ." ನಂದಕಿಶೋರ್ ಕೀಬೋರ್ಡನ್ನು ಹತ್ತಿರಕ್ಕೆ ಎಳೆದುಕೊಂಡ. "ಸಾರ್, ನಿಮ್ಮ ಸ್ಕ್ರೀನ್ ನೋಡ್ತಾ ಇರಿ. ನಾನಿಲ್ಲಿ ಹೊಸ ಫೋಲ್ಡರ್ ಮಾಡ್ತೀನಿ." ಹೆಸರು ಕೊಡಬೇಕಿತ್ತು. ಬೇರೇನೂ ತೋಚದೆ ಬೆರಳು ಒಂದು ಹೆಸರನ್ನು ಒತ್ತಿತು.

ಮಾಲೀಕರ ಸ್ಕ್ರೀನಿನಲ್ಲಿ ಮೂಡಿತು: ಮುದ್ದಮ್ಮ. ಅದರ ಮುಂದೆ, ಮಾಡಿದವರು: ಮೇಧಿನಿ.

ಯೋಗನರಸಿಂಹ ಅದನ್ನು ಓದಿದರು. ಬಾಗಿಲ ಬಳಿ ಬ್ಯಾಗು ಅವಚಿ ನಿಂತವಳನ್ನು ನೋಡಿದರು. ಆಮೇಲೆ ನಿಧಾನವಾಗಿ ಇವನ ಕಡೆ ತಿರುಗಿದರು.

"ಹಾಗಾದ್ರೆ ಅವತ್ತು..."

"ನಾನೇ ಸಾರ್. ಅಳಿಸಿದ್ದು ನಾನು. ಅವಳಲ್ಲ."

ಗಂಗಾಧರಪ್ಪನವರಿಗೆ ಈ ಮಾತು ಕಿವಿಗೆ ಬಿದ್ದಂತೆಯೇ ಇರಲಿಲ್ಲ. ಅವರ ಕಣ್ಣು ಆ ಹೆಸರಿನ ಮೇಲಿತ್ತು.

"ನಮ್ಮವ್ವನ ಹೆಸ್ರು ಬಂತಲ್ಲ! ಸಿಕ್ತೇನಪ್ಪಾ?" ಎನ್ನುತ್ತ ಅವರು ಜೇಬಿನಿಂದ ಕನ್ನಡಕ ತೆಗೆದು, ಪಂಚೆಯ ಅಂಚಿನಲ್ಲಿ ಒರೆಸಿ ಹಾಕಿಕೊಂಡು, ಸ್ಕ್ರೀನಿನ ಹತ್ತಿರ ಬಂದರು.