ಪರದೆಯ ಮೇಲೊಂದು ಮಚ್ಚೆ

ನಾನು ಒಂದು ಬಿಳಿ ಪರದೆ. ಎಷ್ಟೋ ಸಿನಿಮಾಗಳು ನನ್ನ ಮೈಮೇಲೆ ಓಡಿಹೋಗಿವೆ. ಆದರೆ ಒಂದನ್ನೂ ನಾನು ನೋಡಿಲ್ಲ. ಹೇಗೆ ನೋಡಲಿ? ಚಿತ್ರ ಬೀಳುವುದು ನನ್ನ ಮೇಲೆಯೇ. ನನಗೆ ಕಾಣುವುದು ಎದುರಿಗೆ ಕೂತವರ ಮುಖಗಳು ಮಾತ್ರ.

ಹುಟ್ಟಿದ್ದು ಬೆಟಗೇರಿಯ ಒಂದು ಕೈಮಗ್ಗದಲ್ಲಿ. ಬಣ್ಣದ ನೂಲೆಲ್ಲ ಸೀರೆಗಳಿಗೆ ಮುಗಿದ ಮೇಲೆ ಉಳಿದ ಬಿಳಿ ನೂಲಿನಿಂದ ನನ್ನನ್ನು ನೇಯ್ದರು. ಬಣ್ಣದ ಅಂಚಿಲ್ಲ, ಸೆರಗಿಲ್ಲ, ಒಂದು ಹೂವಿಲ್ಲ. ಪಕ್ಕದ ಮಗ್ಗದ ಸೀರೆಗಳು ಮದುವೆಗಳಿಗೆ ಹೋದವು. ನಾನು ಫೋಟೊ ಸ್ಟುಡಿಯೊಗೆ ಹೋದೆ.

ಅಲ್ಲಿ ಗಂಡಿನ ಕಡೆಯವರಿಗೆ ಕಳಿಸಲು ಹುಡುಗಿಯರನ್ನು ನನ್ನ ಮುಂದೆ ನಿಲ್ಲಿಸಿ ಫೋಟೊ ತೆಗೆಯುತ್ತಿದ್ದರು. "ಸ್ವಲ್ಪ ಬಲಕ್ಕ ತಿರುಗವಾ, ಎಡಗಣ್ಣು ಕಾಣೂದು ಬ್ಯಾಡ," ಎನ್ನುತ್ತಿದ್ದರು ಫೋಟೊದ ಮಲ್ಲೇಶಪ್ಪ. ಸುಟ್ಟ ಕಲೆಯ ಕೈ ಇದ್ದರೆ ಅದು ಸೆರಗಿನ ಹಿಂದೆ ಹೋಗುತ್ತಿತ್ತು. ಜೊತೆಗೆ ಬಂದ ತಾಯಂದಿರು ಉಸಿರು ಬಿಗಿಹಿಡಿದು ನಿಂತಿರುತ್ತಿದ್ದರು. ಏನು ಮರೆಯಾಯಿತು ಎಂಬುದು ಬೆನ್ನ ಹಿಂದಿದ್ದ ನನಗೆ ಗೊತ್ತಿರುತ್ತಿತ್ತು.

ಎಲ್ಲರ ಕೈಗೂ ಮೊಬೈಲು ಬಂದು ಸ್ಟುಡಿಯೊ ಮುಚ್ಚಿತು. ಮಲ್ಲೇಶಪ್ಪನವರ ಹೆಂಡತಿ ಕಸ್ತೂರಕ್ಕ ನನ್ನನ್ನು ಒಗೆದು, ಒಣಗಿಸಿ, ತಮ್ಮ ಮಹಿಳಾ ಮಂಡಳಕ್ಕೆ ಒಯ್ದರು. ಅಮಾವಾಸ್ಯೆಯ ದಿನ ನಮ್ಮ ಕಡೆ ಮಗ್ಗಗಳಿಗೆ ರಜೆ. ಅಂದು ಮಧ್ಯಾಹ್ನ ಹೆಂಗಸರೆಲ್ಲ ನೂಲು ಹಾಸುವ ಪಡಸಾಲೆಯಲ್ಲಿ ಸೇರುತ್ತಿದ್ದರು. ಕಿಟಕಿಗಳಿಗೆ ಜಮಖಾನೆ ಕಟ್ಟಿ, ನನ್ನನ್ನು ಗೋಡೆಯ ಗೂಟಗಳಿಗೆ ಬಿಗಿದು ಸಿನಿಮಾ ಹಾಕುತ್ತಿದ್ದರು. ಕಸ್ತೂರಕ್ಕನದು ಒಂದೇ ಕಟ್ಟಳೆ: "ಪಿಕ್ಚರ್ ನೋಡಿ ಸುಮ್ಮನ ಎದ್ದು ಹೋದ್ರ ಚಹಾ ಇಲ್ಲ. ಏನನ್ನಿಸ್ತು ಅನ್ನೂದು ಹೇಳ್ರಿ, ಕಪ್ಪು ತೊಗೊಳ್ರಿ."

ಕೊರಿಯಾದ ಸಿನಿಮಾಗಳನ್ನು ತಂದವಳು ವನಜಾ. ಓಣಿಯ ನೇಕಾರ್ತಿ ನೀಲಗಂಗವ್ವನ ಒಬ್ಬಳೇ ಮಗಳು, ಬಿ.ಕಾಂ. ಓದಿದವಳು. ಕೆಳಗೆ ಓಡುವ ಇಂಗ್ಲಿಷ್ ಅಕ್ಷರ ಓದಿ, ನನ್ನ ಪಕ್ಕದಲ್ಲಿ ನಿಂತು, ಎಲ್ಲರ ಮಾತನ್ನೂ ಕನ್ನಡದಲ್ಲಿ ಹೇಳುತ್ತಿದ್ದಳು. ಅತ್ತೆ ಬೈದರೆ ಅತ್ತೆಯ ದನಿ, ಹುಡುಗ ನಾಚಿದರೆ ಹುಡುಗನ ದನಿ. ಸಿನಿಮಾದಲ್ಲಿ ಯಾರಾದರೂ ಸತ್ತರೆ ಮಾತ್ರ "ದೂರದ ಊರಿಗೆ ಹ್ವಾದ" ಎಂದುಬಿಡುತ್ತಿದ್ದಳು. ಯಾಕೆಂದರೆ ಮುಂದೆಯೇ ಕೂರುವ ಗೌರಜ್ಜಿಗೆ ಅತ್ತರೆ ಉಬ್ಬಸ ಬರುತ್ತಿತ್ತು. "ಹೇಳಿ ಹೇಳಿ ಗಂಟಲು ಒಣಗೈತಿ, ಆಕಿಗೆ ಮೊದಲ ಚಹಾ ಕೊಡ್ರಿ," ಎನ್ನುತ್ತಿದ್ದರು ಕಸ್ತೂರಕ್ಕ. ವನಜಾಳ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ.

ಒಂದು ಅಮಾವಾಸ್ಯೆ ಬೆಳಿಗ್ಗೆ ತಾಯಿ ಮಗಳು ಇಬ್ಬರೇ ನನ್ನನ್ನು ಗೂಟಕ್ಕೆ ಕಟ್ಟುತ್ತಿದ್ದರು. ವನಜಾಳ ಬೆರಳು ಇದ್ದಕ್ಕಿದ್ದಂತೆ ನನ್ನನ್ನು ಹಿಂಡಿ ಹಿಡಿದವು. ಕಣ್ಣು ಮೇಲೆ ಹೋದವು. ನನ್ನನ್ನೂ ಕಿತ್ತುಕೊಂಡು ನೆಲಕ್ಕೆ ಬಿದ್ದಳು. ಮೈಯೆಲ್ಲ ಅದುರುತ್ತಿತ್ತು. ಕಬ್ಬಿಣ ಹಿಡಿದರೆ ಮೂರ್ಛೆ ನಿಲ್ಲುತ್ತದೆಂದು ನೀಲಗಂಗವ್ವ ಮಗಳ ಅಂಗೈಗೆ ಕೀಲಿಕೈ ಗೊಂಚಲು ತುರುಕಿದಳು. ಅಷ್ಟರಲ್ಲಿ ಹೊರಗೆ ಚಪ್ಪಲಿ ಬಿಡುವ ಸಪ್ಪಳ. ಆ ತಾಯಿ ನನ್ನನ್ನು ಎಳೆದು ಮಗಳ ಮೇಲೆ ಪೂರ್ತಿ ಹೊದಿಸಿದಳು.

"ಒಳಗ ಬರಬ್ಯಾಡ್ರಿ! ಪರದಿ ಒಗಿಯಾಕ ತೆಗದೀನಿ, ನೆಲಾ ಎಲ್ಲಾ ನೀರಾಗೈತಿ."

ಸಪ್ಪಳ ದೂರವಾಯಿತು. ನನ್ನ ಅಡಿಯಲ್ಲಿ ಆ ಹುಡುಗಿ ನಾಲಿಗೆ ಕಚ್ಚಿಕೊಂಡಿದ್ದಳು. ಒಂದು ಹನಿ ರಕ್ತ ನನ್ನೊಳಗೆ ಇಳಿಯಿತು. ನೀಲಗಂಗವ್ವ ಸೀಗೆಪುಡಿ ಹಾಕಿ ತಿಕ್ಕಿದಳು, ನಿಂಬೆ ಹಿಂಡಿದಳು. ಕಡಲೆಬೇಳೆಯಷ್ಟು ಕಂದು ಕಲೆ ಉಳಿದೇ ಉಳಿಯಿತು.

ಅದಾದ ಮೇಲೆ ವನಜಾಗೆ ಕೊಪ್ಪಳದಿಂದ ಸಂಬಂಧ ಕೂಡಿಬಂತು. ಹುಡುಗ ಗವಿಸಿದ್ದ, ಬೋರ್‌ವೆಲ್ ಮೋಟಾರು ರಿಪೇರಿ ಮಾಡುವವನು. ಮೂರ್ಛೆಯ ಮಾತನ್ನು ನೀಲಗಂಗವ್ವ ಎತ್ತಲಿಲ್ಲ, ಮಗಳಿಗೂ ಎತ್ತಗೊಡಲಿಲ್ಲ. ನಿಶ್ಚಯಕ್ಕೆ ಮುಂಚಿನ ಅಮಾವಾಸ್ಯೆಯಂದು ಹುಡುಗನ ತಾಯಿ ದ್ರಾಕ್ಷಾಯಣವ್ವ ಗದಗಿನ ಗುಡಿಗೆ ಬಂದವಳು ಬೆಟಗೇರಿಗೂ ಬಂದಳು. "ಮಾತಿಗೆ ಬಂದಿಲ್ರೀ ನಾ, ಕಾಯಿ ಒಡಿಸಿ ಹಂಗ ಬಂದೆ," ಎಂದರೂ ಓಣಿಯವರು ಬಿಡಲಿಲ್ಲ. "ನಿಮ್ಮ ಸೊಸಿ ಪಿಕ್ಚರ್ ಹೇಳೂದು ಕೇಳಬರ್ರಿ," ಎಂದು ಕೈಹಿಡಿದು ತಂದು ಮುಂದೆಯೇ ಕೂರಿಸಿದರು. ಮಗ್ಗುಲಲ್ಲೇ ನೀಲಗಂಗವ್ವ.

ಅಂದಿನ ಸಿನಿಮಾದ ಪೋಸ್ಟರಿನಲ್ಲಿ ಹುಡುಗ ಹುಡುಗಿ ಒಂದೇ ಛತ್ರಿಯ ಕೆಳಗೆ ನಗುತ್ತಿದ್ದರಂತೆ. ಅದನ್ನು ನೋಡಿ ಎಲ್ಲರೂ ಅದು ಮದುವೆಯ ಕಥೆ ಎಂದುಕೊಂಡಿದ್ದರು. ಛತ್ರಿ ರಿಪೇರಿಯ ಹುಡುಗ, ಬ್ರೆಡ್ಡು ಸುಡುವ ಹುಡುಗಿ. ವನಜಾ ಹೇಳುತ್ತ ಹೋದಳು, ಹೆಂಗಸರು ನಗುತ್ತ ಹೋದರು.

"ಹುಡಿಗಿ ಗಲ್ಲದ ಮ್ಯಾಲೆ ಮಚ್ಚಿ ಐತಿ ನೋಡ್ರೆ," ಎಂದಳು ಗೌರಜ್ಜಿ. "ಅದೃಷ್ಟವಂತಿ!"

ಅದು ಮಚ್ಚೆಯಲ್ಲ, ನನ್ನ ಕಲೆ. ನೀಲಗಂಗವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು.

ಆಮೇಲೆ ವನಜಾಳ ಮಾತು ನಿಂತಿತು. ನನ್ನ ಮೇಲೆ ಯಾವುದೋ ತಣ್ಣನೆಯ ನೀಲಿ ಬೆಳಕು. ವನಜಾ ತಾಯಿಯ ಕಡೆ ನೋಡಿದಳು. ನೀಲಗಂಗವ್ವನ ತಲೆ ಒಂಚೂರು ಅಡ್ಡಕ್ಕೆ ಆಡಿತು.

"ಇವ್ರು... ಇವ್ರು ಆಕಿ ದೊಡ್ಡಪ್ಪ. ದೂರದ ಊರಾಗ ಕೆಲಸ ಕೊಡಸ್ತೀನಿ ಅನ್ನಾಕತ್ತಾರ."

"ದೊಡ್ಡಪ್ಪ ಕೊಳ್ಳಾಗ ಆ ನಳಿಗಿ ಯಾಕ ಹಾಕ್ಕೊಂಡಾನ?" ಎಂದಳು ಗೌರಜ್ಜಿ.

"ದೊಡ್ಡಪ್ಪ ಡಾಕ್ಟರ್ ಇರಬಾರದೇನಜ್ಜಿ?" ಎಂದು ಯಾರೋ ಅಂದರು. ಎಲ್ಲರೂ ನಕ್ಕರು. ದ್ರಾಕ್ಷಾಯಣವ್ವ ನಗಲಿಲ್ಲ.

ಸ್ವಲ್ಪ ಹೊತ್ತಿಗೆ ಸಿನಿಮಾದ ಹುಡುಗಿ ಹಿಟ್ಟಿನ ಡಬ್ಬಿಯಲ್ಲಿ ಗುಳಿಗೆ ಬಚ್ಚಿಟ್ಟು, ಒಂದನ್ನು ನುಂಗಿ ಅತ್ತಳಂತೆ. ವನಜಾ ಅದನ್ನು ಪೆಪ್ಪರಮಿಂಟು ಎಂದಳು. ಹಿಂದಿನ ಸಾಲಿನ ಶಕುಂತಲಾ ಸುಮ್ಮನಿರಲಿಲ್ಲ: "ಬಾಯಿ ಒಂದು ಹೇಳತೈತಿ, ಪರದಿ ಒಂದು ಹೇಳತೈತಿ! ಪೆಪ್ಪರಮಿಂಟ ತಿಂದು ಯಾರರ ಅಳತಾರೇನವಾ?"

ಆಗ ದ್ರಾಕ್ಷಾಯಣವ್ವ ಮೊದಲ ಸಲ ಬಾಯಿ ಬಿಟ್ಟಳು. ದನಿ ಏರಿಸಲಿಲ್ಲ. "ತಂಗಿ, ನಮಗ ಇಂಗ್ಲಿಷ್ ಓದಾಕ ಬರೂದಿಲ್ಲ. ಕಣ್ಣು ಮಾತ್ರ ಕಾಣ್ತಾವ. ಇದ್ದದ್ದು ಇದ್ದಂಗ ಹೇಳು."

ವನಜಾ ಗೋಡೆಗೆ ಕೈ ಊರಿದಳು. ಆ ಕೈ ನನ್ನ ಅಂಚಿನ ಮೇಲಿತ್ತು. ಆಮೇಲೆ ಇದ್ದದ್ದು ಇದ್ದಂಗೆ ಹೇಳಿದಳು. ಹುಡುಗಿಗೆ ವಾಸಿಯಾಗದ ಬೇನೆ. ಅದನ್ನು ಹುಡುಗನಿಗೆ ಹೇಳದೆ, "ನೀ ನನಗ ಬ್ಯಾಡ" ಎಂದು ಸುಳ್ಳಾಡಿ ಹೊರಟುಹೋಗುತ್ತಾಳೆ. ಅವನು ಛತ್ರಿ ಹಿಡಿದು ಹಿಮದಲ್ಲಿ ಕಾಯುತ್ತಾನೆ. ನನ್ನ ಮೈತುಂಬ ಹಿಮ ಬಿತ್ತು. ಎದುರಿನ ಮುಖಗಳೆಲ್ಲ ಬೆಳ್ಳಗಾದವು.

"ಹುಡಿಗಿ ಸತ್ತಳು," ಎಂದಳು ವನಜಾ. ದೂರದ ಊರಿಗೆ ಹೋದಳು ಎನ್ನಲಿಲ್ಲ. ಗೌರಜ್ಜಿಯ ಬೆನ್ನು ತಿಕ್ಕಲು ಇಬ್ಬರು ಬೇಕಾದರು.

ಜಮಖಾನೆ ಸರಿಸಿದರು. ಬಿಸಿಲು ಒಳಗೆ ಬಂತು. ಕಸ್ತೂರಕ್ಕ ಚಹಾದ ಕೆಟಲು ಹಿಡಿದು, "ಹೂಂ, ಹೇಳ್ರಿ," ಎಂದರು.

"ಅಷ್ಟು ಅಳೂ ಗಂಡಸರನ್ನ ನಾ ಎಲ್ಲೂ ಕಂಡಿಲ್ಲ ಬಿಡು," ಎಂದಳು ಗೌರಜ್ಜಿ ಏದುತ್ತ. "ಕೊರಿಯಾದಾಗ ಸಿಗತಾರೇನು?"

"ಹೇಳದ ಹೋಗಿದ್ದು ಚಲೋ ಆತು," ಎಂದಳು ಶಕುಂತಲಾ. "ಹೇಳಿದ್ರ ಅವ ಬಿಟ್ಟು ಹೋಗ್ತಿದ್ದ. ಆಗ ಪಿಕ್ಚರ್ ಅರ್ಧಕ್ಕ ಮುಗೀತಿತ್ತು."

"ಹೇಳಬೇಕಿತ್ತು! ಕಾಯೂ ಜೀವಕ್ಕ ಗೊತ್ತಾಗಬ್ಯಾಡೇನ?" ಎಂದು ಇನ್ನೊಬ್ಬಳು.

ಜಗಳ ಏರಿತು. ನೀಲಗಂಗವ್ವನಿಗೆ ತಡೆದುಕೊಳ್ಳಲಾಗಲಿಲ್ಲ. "ಎಲ್ಲಾರೂ ಹುಡಿಗಿಗೇ ಅಂತೀರಿ. ತಾಯಿ ಆದಾಕಿ ಏನ್ ಮಾಡಬೇಕ್ರಿ? ಮಗಳ ಬಾಳೇವು ಆಗಲಿ ಅಂತ ಮುಚ್ಚಿಟ್ಟಿರತಾಳ. ಅದರಾಗ ತಾಯಿದೇನು ತಪ್ಪು?"

ಕಸ್ತೂರಕ್ಕ ಕೆಟಲು ಕೆಳಗಿಟ್ಟರು.

ದ್ರಾಕ್ಷಾಯಣವ್ವ ಮೆಲ್ಲಗೆ ಬೀಗತಿಯ ಕಡೆ ತಿರುಗಿದಳು. "ಆ ಹುಡಿಗಿಗೆ ತಾಯಿನ ಇದ್ದಿಲ್ಲಲ್ರೀ. ಸಣ್ಣಾಕಿ ಇದ್ದಾಗ ತೀರಿಕೊಂಡಿದ್ಲು ಅಂತ ಇಕಿನ ಹೇಳಿದ್ಲು."

ನೀಲಗಂಗವ್ವನ ಮುಖ ನಾನು ಹುಟ್ಟಿದ ದಿನದ ನನ್ನ ಬಣ್ಣಕ್ಕೆ ತಿರುಗಿತು. ದ್ರಾಕ್ಷಾಯಣವ್ವ ವನಜಾಳನ್ನು ನೋಡಿದಳು. "ಎಲ್ಲಾರದೂ ಆತು. ಹೇಳಿದಾಕಿ ಏನಂತಾಳ?"

"ಯವ್ವಾ, ಬ್ಯಾಡ ಬೇ," ಎಂದಳು ತಾಯಿ, ಉಸಿರಿನಲ್ಲೇ.

"ನನಗ ಫಿಟ್ಸ್ ಬರತಾವ್ರಿ," ಎಂದಳು ವನಜಾ. "ಸಣ್ಣಾಕಿ ಇದ್ದಾಗಿಂದ. ಗುಳಿಗಿ ತೊಗೋತೀನಿ, ಈಗ ಕಡಿಮಿ ಆಗ್ಯಾವ, ಪೂರಾ ನಿಂತಿಲ್ಲ. ಪರದಿ ಮ್ಯಾಲಿನ ಆ ಮಚ್ಚಿ ನಂದ ರಕ್ತರೀ."

ಎಲ್ಲರ ಕಣ್ಣೂ ನನ್ನತ್ತ ತಿರುಗಿದವು. ಸಿನಿಮಾ ಇಲ್ಲದೆ ಬರೀ ನನ್ನನ್ನು ಜನ ನೋಡಿದ್ದು ಅದೇ ಮೊದಲು.

ದ್ರಾಕ್ಷಾಯಣವ್ವ ಎದ್ದಳು. "ನನಗ ಆ ಹುಡಿಗಿ ಮ್ಯಾಲೆ ಸಿಟ್ಟು ಬಂತು. ಹುಡುಗಗ ಕೇಳದ, ಅವನ ಪಾಲಿನ ಮಾತೂ ಆಕಿನ ಆಡಿ ಮುಗಿಸಿದ್ಲು. ಇದು ನನ್ನ ಅಭಿಪ್ರಾಯ." ಸೆರಗು ಸರಿಮಾಡಿಕೊಂಡಳು. "ಮಗಗ ಹೇಳತೀನಿ. ಅವ ಏನಂತಾನೋ ನನಗ ಗೊತ್ತಿಲ್ಲ." ಚಹಾ ಕುಡಿಯದೆ ಹೋದಳು.

ನಿಶ್ಚಯದ ದಿನ ಬಂತು, ಹೋಯಿತು. ಕೊಪ್ಪಳದಿಂದ ಸುದ್ದಿಯಿಲ್ಲ. ನಾನು ಪಡಸಾಲೆಯ ಅಟ್ಟದ ಮೇಲೆ ಮಡಿಸಿದಂತೆಯೇ ಇದ್ದೆ. ಕೆಳಗೆ ನೂಲು ಹಾಸುವಾಗ ತಾಯಿ ಮಗಳು ಒಂದು ಮಾತನ್ನೂ ಆಡುತ್ತಿರಲಿಲ್ಲ.

ಮುಂದಿನ ಅಮಾವಾಸ್ಯೆಗೆ ನನ್ನನ್ನು ಕಟ್ಟಿದಾಗ ಬಾಗಿಲಲ್ಲಿ ದ್ರಾಕ್ಷಾಯಣವ್ವ ನಿಂತಿದ್ದಳು. ಹಿಂದೆ ಒಬ್ಬ ಗಂಡಸು. ಉಗುರಿನ ಸಂದಿಯಲ್ಲಿ ಗ್ರೀಸು, ಕೈಯಲ್ಲಿ ಕಳಚಿದ ಚಪ್ಪಲಿ. "ಅದ ಪಿಕ್ಚರ್ ನೋಡಬೇಕಂತ್ರಿ ಇವಗ," ಎಂದಳು ಅವನ ತಾಯಿ.

ಹೆಂಗಸರು ಮುಸುಮುಸು ನಗುತ್ತ ಜಾಗ ಬಿಟ್ಟರು. ವನಜಾ ಮೊದಲಿನಿಂದ ಕೊನೆಯವರೆಗೆ ಒಂದು ಮಾತೂ ಬದಲಿಸದೆ ಹೇಳಿದಳು, ಅವನತ್ತ ಒಮ್ಮೆಯೂ ನೋಡದೆ. ನಾನು ಮಾತ್ರ ಅವನನ್ನೇ ನೋಡಿದೆ. ಅವನು ಅಳಲಿಲ್ಲ. ಕೆಟ್ಟ ಮೋಟಾರು ಬಿಚ್ಚಿ ನೋಡುವವನ ಹಾಗೆ ಹುಬ್ಬು ಗಂಟಿಕ್ಕಿ ಕೂತಿದ್ದ.

"ಗಂಡಸರಿಗೂ ಅದ ಕಟ್ಟಳಿ," ಎಂದರು ಕಸ್ತೂರಕ್ಕ, ಕಪ್ಪು ಮುಂದೆ ಹಿಡಿದು.

ಗವಿಸಿದ್ದ ನೆಲ ನೋಡಿದ. "ಪಿಕ್ಚರ್ ಚಲೋ ಐತ್ರಿ. ಆದ್ರ ಒಂದು ತೋರಿಸಲಿಲ್ಲ. ಬೇನಿ ಬಂದಾಗ ಮಗ್ಗುಲದಾಗ ಇದ್ದಾವ ಏನ್ ಮಾಡಬೇಕಂತ." ಆಮೇಲೆ ತಲೆ ಎತ್ತಿ ವನಜಾಳನ್ನು ನೋಡಿದ. "ಏನ್ ಮಾಡಬೇಕ್ರಿ?"

ವನಜಾ ಮೊದಲ ಸಲ ಅವನತ್ತ ನೋಡಿದಳು. "ಮಗ್ಗುಲಕ್ಕ ಹೊಳ್ಳಿಸಬೇಕ್ರಿ. ತೆಲಿ ಕೆಳಗ ಮೆತ್ತಗಿನದು ಇಡಬೇಕು. ಕೀಲಿಕೈ ಕೊಡಬಾರದು."

"ಅಷ್ಟ ಏನು?" ಎಂದು ಅವನು ಕಪ್ಪು ತೆಗೆದುಕೊಂಡ.

ನೀಲಗಂಗವ್ವ ನನ್ನ ಅಂಚಿಗೆ ಮುಖ ಒತ್ತಿ ಅತ್ತಳು. ಆ ತೇವ ಕಲೆಯಾಗಿ ಉಳಿಯಲಿಲ್ಲ.

ಮದುವೆಯಾದ ವರ್ಷವೇ ಮಂಡಳಕ್ಕೆ ಸುತ್ತಿ ಇಡುವ ಹೊಸ ಪರದೆ ಬಂತು. ಕಸ್ತೂರಕ್ಕ ಏನು ಉಡುಗೊರೆ ಬೇಕೆಂದಾಗ ವನಜಾ ನನ್ನನ್ನು ಕೇಳಿದಳು. ಈಗ ನಾನು ಕೊಪ್ಪಳದ ಒಂದು ಮನೆಯಲ್ಲಿ, ಮಂಚದ ತಲೆದಿಸೆಯಲ್ಲಿ, ಮಡಿಸಿ ಇಟ್ಟ ದಪ್ಪ ಗಂಟು. ಒಗೆದು ಒಗೆದು ಮೆತ್ತಗಾಗಿದ್ದೇನೆ. ಎಷ್ಟೋ ತಿಂಗಳು ನನ್ನ ಕೆಲಸವೇ ಇರುವುದಿಲ್ಲ. ಒಮ್ಮೊಮ್ಮೆ ಇದ್ದಕ್ಕಿದ್ದಂತೆ ಯಾರೋ ನನ್ನನ್ನು ಎಳೆದುಕೊಳ್ಳುತ್ತಾರೆ. ಗ್ರೀಸು ಮೆತ್ತಿದ ಕೈ ಇರಬಹುದು, ಅತ್ತೆಯ ಬಳೆಯ ಕೈ ಇರಬಹುದು. ಅದುರುವ ತಲೆಯೊಂದು ನನ್ನ ಮೇಲೆ ಬಂದು ಒರಗುತ್ತದೆ. ಆಗ ಯಾರೂ ಬಾಗಿಲು ಮುಚ್ಚಲು ಓಡುವುದಿಲ್ಲ.

ಹಿಂದೆ ಎಷ್ಟೋ ಮುಖಗಳನ್ನು ಎದುರಿನಿಂದ ನೋಡುತ್ತಿದ್ದೆ. ಈಗ ಒಂದೇ ಮುಖ, ಅದೂ ಕೆಳಗಿನಿಂದ. ಅದುರು ನಿಂತು ಅವಳು ಕಣ್ಣು ಬಿಟ್ಟಾಗ ಆ ಹಳೆಯ ಮಚ್ಚೆ ಸರಿಯಾಗಿ ಅವಳ ಗಲ್ಲಕ್ಕೆ ತಾಗಿರುತ್ತದೆ.