ಮೊದಲ ಸಾನ್ನ

“ಈ ಯಾಪ್ ಬದುಕಿನಲ್ಲಿ ಒಂದು ರೇಸನ್ನಾದರೂ ಗೆದ್ದಿದ್ದಾನಾ?”

ಸ್ಟ್ಯಾನಿ ಯಾರನ್ನೂ ಕೇಳಿದ್ದಲ್ಲ. ಕೊಲ್ಲಿ ನಾಡಿನ ವಾದಿ ಕಬೀರ್ ಬಡಾವಣೆಯಲ್ಲಿ, ತನ್ನ ಫ್ಲ್ಯಾಟಿನ ಕೆಳಗೆ ಒಬ್ಬನೇ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ.

ವಾರದ ರಜೆಯ ಶುಕ್ರವಾರ, ಚರ್ಚಿನ ಬಲಿಪೂಜೆಗೆ ಮುಂಚೆ ಕರಾವಳಿಯವರ ಗುಂಪೊಂದು ಸೈಕಲ್ಲಿನಲ್ಲಿ ಗುಡ್ಡ ಹತ್ತುವುದು ರೂಢಿ. ಸ್ಟ್ಯಾನಿಯ ಹೆಂಡತಿ ಲೂರ್ಡ್ಸ್ ಕಾರಿನಲ್ಲಿ ಮೊದಲೇ ಹೋಗಿ ಮೇಲೆ ಕಾಯುತ್ತಾಳೆ. ಮೊದಲು ಮುಟ್ಟಿದವನಿಗೆ ಅವಳ ಕೈಯಿಂದ ಮೊದಲ ಸಾನ್ನ, ಹುದುಗಿದ ಅಕ್ಕಿಹಿಟ್ಟಿನದು, ಹತ್ತಿಯಂಥದ್ದು. ಉಳಿದವರು ಚಪ್ಪಾಳೆ ತಟ್ಟಬೇಕು. ವರ್ಷಗಟ್ಟಲೆ ಅದು ಸ್ಟ್ಯಾನಿಯದೇ ಆಗಿತ್ತು.

ಆಮೇಲೆ ಯಾಪ್ ಬಂದ. ಹಾಲೆಂಡಿನವನು, ಯುರೋಪಿನ ರೇಸುಗಳಲ್ಲಿ ಸಂಬಳಕ್ಕೆ ಸೈಕಲ್ ತುಳಿದು ನಿವೃತ್ತನಾದವನು. ಅಂದಿನಿಂದ ಮೊದಲ ಸಾನ್ನ ಅವನದು. ಲೂರ್ಡ್ಸಳ ಚಟ್ನಿಯಲ್ಲಿ ಖಾರವೂ ಇಳಿಯಿತು.

“ಪಾಪ, ಯಾಪ್‌ಗೆ ತಡೀಲಿಕ್ಕೆ ಆಗುದಿಲ್ಲ ಮಾರಾಯ್ರೆ. ನಿಮಗೆ ಬೇಕಾದ್ರೆ ಹಸಿಮೆಣಸು ಕಚ್ಚಿಕೊಳ್ಳಿ.”

ಇಷ್ಟು ವರ್ಷದ ಸಂಸಾರದಲ್ಲಿ ಸ್ಟ್ಯಾನಿಗೋಸ್ಕರ ಒಂದು ಮೆಣಸೂ ಕಡಿಮೆಯಾಗಿರಲಿಲ್ಲ. ಇವತ್ತು ಅವರ ಮದುವೆಯಾದ ದಿನ. ಇವತ್ತಿನ ಸಾನ್ನವಾದರೂ ಅವನಿಗೆ ಬೇಕು.

ಏರು ಶುರುವಾದಾಗ ಗುಂಪಿನವನೇ ಆದ ಅಲ್ ಖೌದ್ ಬಡಾವಣೆಯ ಬೋಜ ಪಕ್ಕಕ್ಕೆ ಬಂದ. ಕೇಳದೆಯೇ ಉತ್ತರ ಸಿಕ್ಕಿತು.

“ಗೊತ್ತುಂಟಾ ಸ್ಟ್ಯಾನಿಯಣ್ಣ, ಯಾಪ್ ಒಂದು ರೇಸೂ ಗೆದ್ದದ್ದಿಲ್ಲವಂತೆ! ಟೀಮಿನ ಲೀಡರಿಗೆ ನೀರು ತಂದು ಕೊಡುದು, ಅವನಿಗೆ ಎದುರುಗಾಳಿ ತಾಗದ ಹಾಗೆ ಮುಂದಿನಿಂದ ತುಳಿಯುದು, ಅವನದ್ದು ಪಂಕ್ಚರ್ ಆದ್ರೆ ತನ್ನ ಚಕ್ರವನ್ನೇ ಬಿಚ್ಚಿ ಕೊಡುದು. ಅದೇ ಅವರ ಕೆಲಸ. ಎಂಥಾ ದೊಡ್ಡ ಮನಸ್ಸು!”

ದೊಡ್ಡ ಮನಸ್ಸು ಎಂದದ್ದು ಸ್ಟ್ಯಾನಿಯ ಹೊಟ್ಟೆಗೆ ಕಿಚ್ಚಿಟ್ಟಿತು. ಮರುಗಳಿಗೆಗೆ ಒಂದು ಆಸೆಯೂ ಚಿಗುರಿತು. ಬಿಟ್ಟುಕೊಟ್ಟೇ ಬದುಕಿದವನು ತನಗೂ ಬಿಟ್ಟುಕೊಡದೆ ಇರುತ್ತಾನೆಯೇ?

ತುಳಿತಕ್ಕೊಂದು ‘ನಮಾನ್ ಮರಿಯೆ’ ಎಂದು ಮಾತೆ ಮರಿಯಳ ಜಪ ಹೇಳಿಕೊಳ್ಳುವುದು ಅವನ ಅಭ್ಯಾಸ. ಇವತ್ತು ಜಪ ನಾಲಿಗೆಯ ಮೇಲಿತ್ತು, ಕಣ್ಣು ಯಾಪನ ಮೀನಖಂಡದ ಮೇಲೆ.

ಕೊನೆಯ ತಿರುವಿಗೆ ಉಳಿದವರು ಇಬ್ಬರೇ. ಮೇಲೆ ಲೂರ್ಡ್ಸ್ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದಳು. ಸ್ಟ್ಯಾನಿ ಏದುಸಿರಲ್ಲೇ ಇಂಗ್ಲಿಷಿನಲ್ಲಿ ಅಂಗಲಾಚಿದ: “ಯಾಪ್, ಇವತ್ತು ನಮ್ಮ ಮದುವೆಯಾದ ದಿನ. ಇದೊಂದು ಸಲ ನನ್ನನ್ನು ಮುಂದೆ ಬಿಡು. ನಿನಗೆ ಬಿಟ್ಟು ಅಭ್ಯಾಸ ಉಂಟಲ್ಲ.”

ಯಾಪ್ ತಿರುಗಿ ನೋಡಿದ. ಯಾವಾಗಲೂ ಇರುತ್ತಿದ್ದ ನಗು ಇರಲಿಲ್ಲ.

“ಆಗ ಅದಕ್ಕೆ ಸಂಬಳ ಕೊಡುತ್ತಿದ್ದರು, ಸ್ಟ್ಯಾನಿ. ಮೊದಲು ಮುಟ್ಟುವುದೆಂದರೆ ಏನೆಂದು ನನಗೆ ಗೊತ್ತಾದದ್ದೇ ಈ ಗುಡ್ಡದಲ್ಲಿ. ಇಲ್ಲ. ಬಿಡುವುದಿಲ್ಲ.”